ಅಡಗುದಾಣದ ಅಂತಸ್ತುಗಳು: ಗಣಕದ ಕ್ಯಾಶ್ ಸ್ಮೃತಿಯ ಹೆಸರು ಮತ್ತು ಹಂತಗಳ ಚರಿತ್ರೆ

ಗಣಕಯಂತ್ರದ ಯಂತ್ರಾಂಶವನ್ನು ಪರಿಚಯಿಸುವ ಪ್ರಾಥಮಿಕ ಪಠ್ಯಗಳಲ್ಲಿ ಸಾಮಾನ್ಯವಾಗಿ ಒಂದು ತ್ರಿಕೋನದ ಚಿತ್ರವಿರುತ್ತದೆ. ತುದಿಯಲ್ಲಿ ಪ್ರೊಸೆಸರ್‌ನ ರಿಜಿಸ್ಟರ್‌ಗಳು, ಅವುಗಳ ಕೆಳಗೆ ಎಲ್-1, ಎಲ್-2, ಎಲ್-3 ಎಂಬ ಮೂರು ಹಂತದ ಕ್ಯಾಶ್, ಅನಂತರ ಮುಖ್ಯ ಸ್ಮೃತಿ, ತಳದಲ್ಲಿ ಡಿಸ್ಕ್. ಮೇಲಕ್ಕೆ ಹೋದಂತೆ ವೇಗ ಹೆಚ್ಚು, ಗಾತ್ರ ಕಡಿಮೆ. ಕೆಳಗಿಳಿದಂತೆ ಗಾತ್ರ ಹೆಚ್ಚು, ವೇಗ ಕಡಿಮೆ. ವಿದ್ಯಾರ್ಥಿಯು ಇದನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆಯುತ್ತಾನೆ. ಆದರೆ ಹಂತಗಳು ಮೂರೇ ಏಕೆ, ಎರಡನೆಯದು ಮೊದಲನೆಯದರಿಂದ ಬೇರೆಯಾದದ್ದು ಯಾವಾಗ, ಈ ಭಾಗಕ್ಕೆ ಇಂಥ ಹೆಸರು ಬಂದದ್ದು ಎಲ್ಲಿಂದ ಎಂಬ ಪ್ರಶ್ನೆಗಳಿಗೆ ಆ ಚಿತ್ರದಲ್ಲಿ ಉತ್ತರ ದೊರೆಯುವುದಿಲ್ಲ. ಯಂತ್ರಗಳಿಗೂ ಅವುಗಳ ಭಾಗಗಳಿಗೂ ಜನ ಇಡುವ ಹೆಸರುಗಳು ಜಾನಪದ ಅಧ್ಯಯನಕ್ಕೆ ಹೊರಗಿನವಲ್ಲ. ಹೆಸರಿನೊಳಗೆ ಒಂದು ತಿಳಿವಳಿಕೆ ಇರುತ್ತದೆ. ಕೆಲವೊಮ್ಮೆ ಒಂದು ಮರೆವೂ ಇರುತ್ತದೆ. ಕ್ಯಾಶ್ ಎಂಬ ಹೆಸರಿನಲ್ಲಿರುವ 'ಅಡಗಿಸುವಿಕೆ' ಯಾರಿಂದ ಯಾವುದನ್ನು ಅಡಗಿಸಿತು, ಆ ಅಡಗುವಿಕೆ ಎಷ್ಟು ಕಾಲ ಉಳಿಯಿತು ಎಂಬುದನ್ನು ಪ್ರಸ್ತುತ ಲೇಖನವು ಪರಿಶೀಲಿಸುತ್ತದೆ.

ಕನ್ನಡದಲ್ಲಿ ಬರೆದಾಗ ಈ ಪದವು ನಗದು ಹಣವನ್ನು ಸೂಚಿಸುವ ಕ್ಯಾಶ್‌ಗೆ ಅಕ್ಷರಶಃ ಸಮನಾಗಿಬಿಡುತ್ತದೆ. ಇಂಗ್ಲಿಷ್ ಉಚ್ಚಾರಣೆಯಲ್ಲಿಯೂ ಎರಡೂ ಒಂದೇ; ಕಾಗುಣಿತ ಮಾತ್ರ ಬೇರೆ. ಮೊದಲ ಬಾರಿಗೆ ಕೇಳುವವರಿಗೆ ಇದು ಪ್ರೊಸೆಸರ್‌ನ ಕೈಖರ್ಚಿನ ಹಣದಂಥದು ಎಂದು ತೋರಿದರೆ ಆಶ್ಚರ್ಯವಿಲ್ಲ. ಅರ್ಥದ ದೃಷ್ಟಿಯಿಂದ ಆ ತಪ್ಪುಗ್ರಹಿಕೆಯು ನಿಜವಾದ ವ್ಯುತ್ಪತ್ತಿಗಿಂತ ಹೆಚ್ಚು ಉಪಯುಕ್ತವೆಂದೇ ಹೇಳಬೇಕಾಗುತ್ತದೆ. ನಿಜವಾದ ಮೂಲವು ಫ್ರೆಂಚ್ ಭಾಷೆಯ 'ಕಾಶೇ', ಅಂದರೆ ಬಚ್ಚಿಡು ಎಂಬ ಕ್ರಿಯಾಪದ. ಉತ್ತರ ಅಮೆರಿಕದಲ್ಲಿ ತುಪ್ಪಳದ ವ್ಯಾಪಾರಕ್ಕಾಗಿ ಕಾಡು ಅಲೆಯುತ್ತಿದ್ದ ಫ್ರೆಂಚ್ ಮಾತಿನ ಬೇಟೆಗಾರರು ದಿನಸಿ, ಮದ್ದುಗುಂಡು, ಚರ್ಮಗಳನ್ನು ನೆಲದಲ್ಲಿ ಹೂತಿಟ್ಟು, ಹಿಂದಿರುಗುವಾಗ ತೆಗೆದುಕೊಳ್ಳುತ್ತಿದ್ದರು. ಆ ಗುಳಿಯೇ ಕ್ಯಾಶ್. ಕೊಲರಾಡೋದಲ್ಲಿ ಹರಿಯುವ ಕ್ಯಾಶ್ ಲಾ ಪೂಡ್ರ್ ನದಿಯ ಹೆಸರಿಗೆ 'ಮದ್ದನ್ನು ಬಚ್ಚಿಡು' ಎಂದೇ ಅರ್ಥ. ಲೂಯಿಸ್ ಮತ್ತು ಕ್ಲಾರ್ಕ್ ನೇತೃತ್ವದ ಅನ್ವೇಷಕ ತಂಡವು 1805ರಲ್ಲಿ ಮಿಸ್ಸೌರಿ ನದಿಯ ದಂಡೆಯಲ್ಲಿ ಇಂಥ ಗುಳಿಗಳನ್ನು ತೋಡಿತು. ಕಿರಿದಾದ ಬಾಯಿ, ಒಳಗೆ ಇಳಿದಂತೆ ಅಗಲವಾಗುವ ಹೊಟ್ಟೆ, ತೇವ ತಾಗದಂತೆ ತಳಕ್ಕೆ ಕಡ್ಡಿಕಸದ ಹಾಸು. ಉತ್ತರ ಕರ್ನಾಟಕದ ಊರುಗಳಲ್ಲಿ ಜೋಳ ತುಂಬಿಡುತ್ತಿದ್ದ ಹಗೇವನ್ನು ಕಂಡವರಿಗೆ ಈ ರಚನೆ ಅಪರಿಚಿತವೆನಿಸದು. 1806ರಲ್ಲಿ ತಂಡ ಮರಳಿ ಬಂದಾಗ ಒಂದು ಗುಳಿಗೆ ಹೊಳೆಯ ನೀರು ನುಗ್ಗಿ, ಕರಡಿಯ ಚರ್ಮಗಳೂ ಸಂಗ್ರಹಿಸಿದ್ದ ಸಸ್ಯಗಳ ಮಾದರಿಗಳೂ ಕೆಟ್ಟುಹೋಗಿದ್ದವು.

ಹಗೇವಾಗಲಿ ಬೇಟೆಗಾರನ ಗುಳಿಯಾಗಲಿ ನಿತ್ಯದ ಬಳಕೆಗೆ ಇದ್ದದ್ದಲ್ಲ. ಅದು ದೂರದ, ಕಷ್ಟಕಾಲದ ದಾಸ್ತಾನು. ತೆರೆಯಬೇಕಾದರೆ ಮುಚ್ಚಿದ ಮಣ್ಣನ್ನು ಅಗೆದು ತೆಗೆಯಬೇಕು. ಗಣಕದ ಕ್ಯಾಶ್ ಇದಕ್ಕೆ ತದ್ವಿರುದ್ಧ. ಅದು ಪ್ರೊಸೆಸರ್‌ನ ಮಗ್ಗುಲಲ್ಲೇ ಇರುವ, ಕ್ಷಣಕ್ಷಣಕ್ಕೂ ಕೈಹಾಕುವ ಜಾಗ. ಹಾಗಿದ್ದರೂ ಈ ಹೆಸರು ಹೇಗೆ ಅಂಟಿಕೊಂಡಿತೆಂಬುದನ್ನು ತಿಳಿಯಲು ಇಪ್ಪತ್ತನೆಯ ಶತಮಾನದ ನಡುಗಾಲಕ್ಕೆ ಹೋಗಬೇಕಾಗುತ್ತದೆ.

ವೇಗ ಮತ್ತು ಗಾತ್ರ ಒಂದೇ ಸ್ಮೃತಿಯಲ್ಲಿ ಒಟ್ಟಿಗೆ ದೊರೆಯುವುದಿಲ್ಲವೆಂಬ ಅರಿವು ಎಲೆಕ್ಟ್ರಾನಿಕ್ ಗಣಕದಷ್ಟೇ ಹಳೆಯದು. ಆರ್ಥರ್ ಬರ್ಕ್ಸ್, ಹರ್ಮನ್ ಗೋಲ್ಡ್‌ಸ್ಟೈನ್ ಮತ್ತು ಜಾನ್ ಫಾನ್ ನಾಯ್ಮನ್ 1946ರ ತಮ್ಮ ವರದಿಯಲ್ಲಿ, ಹಿಂದಿನದಕ್ಕಿಂತ ದೊಡ್ಡದೂ ನಿಧಾನವೂ ಆದ ಸ್ಮೃತಿಗಳ ಶ್ರೇಣಿಯೊಂದನ್ನು ಕಟ್ಟುವುದು ಅನಿವಾರ್ಯವೆಂದು ಗುರುತಿಸಿದ್ದರು. ಆರಂಭದ ಕಾರ್ಯಕ್ರಮ ರಚನಕಾರರು ಈ ಶ್ರೇಣಿಯನ್ನು ತಮ್ಮ ಕೈಯಿಂದಲೇ ನಿರ್ವಹಿಸುತ್ತಿದ್ದರು. ತಿರುಗುವ ಕಾಂತೀಯ ಡ್ರಮ್ಮಿನಿಂದ ಯಾವ ಭಾಗವನ್ನು ಯಾವಾಗ ಒಳಗೆ ತರಬೇಕು, ಯಾವುದನ್ನು ಹೊರಗಿಡಬೇಕು ಎಂಬುದನ್ನು ಪ್ರತಿ ಕಾರ್ಯಕ್ರಮದಲ್ಲಿಯೂ ಬರೆಯಬೇಕಾಗಿತ್ತು. ಈ ಹೊರೆಯನ್ನು ಯಂತ್ರಕ್ಕೇ ವಹಿಸಿದ್ದು ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಅಟ್ಲಾಸ್ ಗಣಕ. 1962ರ ಡಿಸೆಂಬರಿನಲ್ಲಿ ಉದ್ಘಾಟನೆಯಾದ ಆ ಯಂತ್ರದಲ್ಲಿ ಕೋರ್ ಸ್ಮೃತಿ ಮತ್ತು ಡ್ರಮ್ ಬೇರೆಬೇರೆಯಾಗಿದ್ದರೂ, ಟಾಮ್ ಕಿಲ್‌ಬರ್ನ್ ಮತ್ತು ಸಂಗಡಿಗರ ರಚನೆಯಿಂದಾಗಿ ಬಳಸುವವನಿಗೆ ಅವೆರಡೂ ಒಂದೇ ದೊಡ್ಡ ಸ್ಮೃತಿಯಂತೆ ಕಾಣುತ್ತಿದ್ದವು. ಎರಡನ್ನು ಒಂದೆಂದು ತೋರಿಸುವ ಈ ಉಪಾಯವೇ ಮುಂದಿನ ಕಥೆಯ ಬೀಜ.

1965ರ ಏಪ್ರಿಲ್‌ನಲ್ಲಿ ಕೇಂಬ್ರಿಡ್ಜ್‌ನ ಮಾರಿಸ್ ವಿಲ್ಕ್ಸ್ ಪ್ರಕಟಿಸಿದ ಒಂದು ಚಿಕ್ಕ ಲೇಖನವು ಇದೇ ಉಪಾಯವನ್ನು ಇನ್ನೊಂದು ಮಟ್ಟಕ್ಕೆ ಒಯ್ದಿತು. 1949ರಲ್ಲಿ ಎಡ್ಸಾಕ್ ಗಣಕವನ್ನು ಕಟ್ಟಿದವರು ಇವರೇ. ಸುಮಾರು ಹತ್ತು ಲಕ್ಷ ಪದಗಳ ನಿಧಾನ ಸ್ಮೃತಿಯ ಮುಂದೆ 32,000 ಪದಗಳ ವೇಗದ ಸ್ಮೃತಿಯೊಂದನ್ನು ಇರಿಸಿ, ಬೇಡಿಕೆ ಬಂದ ಪದಗಳ ಪ್ರತಿಯನ್ನು ಅದರಲ್ಲಿ ತಾನಾಗಿಯೇ ಉಳಿಸಿಕೊಳ್ಳುವಂತೆ ಮಾಡಿದರೆ, ಒಟ್ಟು ವ್ಯವಸ್ಥೆಯ ವೇಗವು ಚಿಕ್ಕ ಸ್ಮೃತಿಯ ವೇಗಕ್ಕೆ ಹತ್ತಿರವಾಗುತ್ತದೆ ಎಂಬುದು ಅವರ ವಾದ. ಅದಕ್ಕೆ ಅವರು ಇಟ್ಟ ಹೆಸರು 'ಸ್ಲೇವ್ ಮೆಮೊರಿ', ಅಂದರೆ ಆಳು ಸ್ಮೃತಿ. ಯಜಮಾನನಾದ ದೊಡ್ಡ ಸ್ಮೃತಿಗೆ ಸೇವೆ ಸಲ್ಲಿಸುವ ಊಳಿಗದವನ ಕಲ್ಪನೆ ಅದರಲ್ಲಿದೆ. ಈ ಹೆಸರು ಬಹಳ ಕಾಲ ಬಾಳಲಿಲ್ಲ. ಬಾಳದಿದ್ದದ್ದು ಒಳ್ಳೆಯದೇ ಆಯಿತು. ಆದರೂ ಒಂದು ಸಂಗತಿಯನ್ನು ಗಮನಿಸಬೇಕು: ಕೆಲಸ ನಡೆಯಬೇಕು, ಮಾಡುವವನು ಕಣ್ಣಿಗೆ ಬೀಳಬಾರದು ಎಂಬ ಭಾವ ಆ ಹೆಸರಿನಲ್ಲೂ ಇತ್ತು, ಮುಂದೆ ಬಂದ ಹೆಸರಿನಲ್ಲೂ ಉಳಿಯಿತು.

ಮಾರುಕಟ್ಟೆಗೆ ಬಂದ ಯಂತ್ರದಲ್ಲಿ ಈ ವಿಚಾರವನ್ನು ಮೊದಲಿಗೆ ಸಾಕಾರಗೊಳಿಸಿದ್ದು ಐಬಿಎಂ ಕಂಪನಿಯ ಸಿಸ್ಟಂ/360 ಮಾಡೆಲ್ 85. ಇದನ್ನು 1968ರ ಜನವರಿಯಲ್ಲಿ ಘೋಷಿಸಲಾಯಿತು. ಪ್ರೊಸೆಸರ್‌ನ ಒಂದು ಆವರ್ತಕ್ಕೆ 80 ನ್ಯಾನೋಸೆಕೆಂಡ್ ಸಾಕಾಗಿದ್ದರೆ, ಮುಖ್ಯ ಸ್ಮೃತಿಗೆ ಸುಮಾರು ಒಂದು ಮೈಕ್ರೋಸೆಕೆಂಡ್ ಬೇಕಾಗಿತ್ತು. ಅಂದರೆ ಒಂದು ಬೇಡಿಕೆಗೆ ಪ್ರೊಸೆಸರ್ ಹನ್ನೆರಡು ಆವರ್ತಗಳಷ್ಟು ಕಾಲ ಕಾಯಬೇಕು. ಇವೆರಡರ ನಡುವೆ 16 ಕಿಲೋಬೈಟ್‌ಗಳ, ಬೇಕಾದರೆ 32 ಕಿಲೋಬೈಟ್‌ಗಳಿಗೆ ಹಿಗ್ಗಿಸಬಹುದಾದ ವೇಗದ ಸ್ಮೃತಿಯನ್ನು ಇರಿಸಲಾಯಿತು. ಅದನ್ನು 1,024 ಬೈಟ್‌ಗಳ ವಲಯಗಳಾಗಿಯೂ ಪ್ರತಿ ವಲಯವನ್ನು 64 ಬೈಟ್‌ಗಳ ತುಂಡುಗಳಾಗಿಯೂ ವಿಭಜಿಸಿದ್ದರು. ಹೊಸ ವಲಯಕ್ಕೆ ಜಾಗ ಬೇಕಾದಾಗ, ಎಲ್ಲಕ್ಕಿಂತ ಹೆಚ್ಚು ಕಾಲ ಯಾರೂ ಮುಟ್ಟದೆ ಬಿಟ್ಟಿದ್ದ ವಲಯವನ್ನು ತೆರವುಗೊಳಿಸಲಾಗುತ್ತಿತ್ತು. ರಚನಕಾರರು 19 ಕಾರ್ಯಕ್ರಮಗಳ ನಡೆಯನ್ನು ದಾಖಲಿಸಿ ಲೆಕ್ಕ ಹಾಕಿದಾಗ, ಬೇಡಿದ ದತ್ತಾಂಶವು ಸರಾಸರಿ ಶೇ. 96.8ರಷ್ಟು ಸಲ ಚಿಕ್ಕ ಸ್ಮೃತಿಯಲ್ಲೇ ದೊರೆಯುತ್ತಿತ್ತು. ಎಲ್ಲವೂ ಅದರಲ್ಲೇ ಇದ್ದಿದ್ದರೆ ಬರಬಹುದಾಗಿದ್ದ ಆದರ್ಶ ವೇಗದ ಶೇ. 81ರಷ್ಟು ಸಾಧಿತವಾಗಿತ್ತು. ಕೇವಲ ಶೇ. 3.2ರಷ್ಟು ವೈಫಲ್ಯ ಶೇ. 19ರಷ್ಟು ವೇಗವನ್ನು ನುಂಗಿತೆಂಬುದು ಈ ಅಂಕಿಗಳ ಇನ್ನೊಂದು ಮುಖ. ಕ್ಯಾಶ್‌ನ ಅರ್ಥಶಾಸ್ತ್ರವೆಲ್ಲ ಆ ಶೇ. 3.2ರಲ್ಲಿದೆ.

ಈ ಯಂತ್ರವನ್ನು ಕುರಿತ ಪ್ರಬಂಧಗಳನ್ನು ಕಂಪನಿಯ ಸಂಶೋಧನ ಪತ್ರಿಕೆಗೆ ಸಿದ್ಧಪಡಿಸುವಾಗ ಅದರ ಕರ್ತೃಗಳು ಹೊಸ ಭಾಗವನ್ನು 'ಹೈ-ಸ್ಪೀಡ್ ಬಫರ್' ಎಂದು ಕರೆದಿದ್ದರು. ಪತ್ರಿಕೆಯ ಸಂಪಾದಕ ಲೈಲ್ ಜಾನ್ಸನ್ ಅವರಿಗೆ ಇದು ಸಪ್ಪೆಯೆನಿಸಿತು. ಚಿತ್ರವತ್ತಾದ ಬೇರೆ ಪದ ಕೊಡಿರೆಂದು ಕೇಳಿ, ಯಾರಿಂದಲೂ ಬಾರದಿದ್ದಾಗ ತಾವೇ 'ಕ್ಯಾಶ್' ಎಂದು ಸೂಚಿಸಿದರು. ಆ ಪದ 1968ರಲ್ಲಿ ಪತ್ರಿಕೆಯಲ್ಲಿ ಅಚ್ಚಾಯಿತು. ಕೆಲವೇ ವರ್ಷಗಳಲ್ಲಿ ಸ್ಪರ್ಧಿ ಕಂಪನಿಗಳೂ ಅದನ್ನೇ ಬಳಸತೊಡಗಿದವು. ಯಂತ್ರ ಕಟ್ಟಿದವರಲ್ಲದೆ ಭಾಷೆ ತಿದ್ದುವವರೊಬ್ಬರು ಇಟ್ಟ ಹೆಸರು ಇದು ಎಂಬುದು ಸ್ವಾರಸ್ಯಕರ. ಹೊಸ ಭಾಗವು ಕಾರ್ಯಕ್ರಮ ರಚಿಸುವವನ ಕಣ್ಣಿಗೆ ಬೀಳುತ್ತಿರಲಿಲ್ಲ. ಅವನ ಆದೇಶಗಳಲ್ಲಿ ಅದಕ್ಕೊಂದು ವಿಳಾಸವಿಲ್ಲ. ಅದು ಇದ್ದರೂ ಇಲ್ಲದಿದ್ದರೂ ಲೆಕ್ಕದ ಉತ್ತರ ಒಂದೇ. ಬದಲಾಗುವುದು ತಗಲುವ ಸಮಯ ಮಾತ್ರ. ಬೇಟೆಗಾರನ ಗುಳಿಗೂ ಈ ಸ್ಮೃತಿಗೂ ಇರುವ ನಿಜವಾದ ಸಾಮ್ಯವೆಂದರೆ ಮರೆಯಲ್ಲಿರುವುದು. ಸಂಗ್ರಹದ ಸಾಮ್ಯ ಅಷ್ಟು ಮುಖ್ಯವಲ್ಲ. 'ಬದಲಾಗುವುದು ಸಮಯ ಮಾತ್ರ' ಎಂಬ ಈ ಅಂಶವನ್ನು ಓದುಗರು ನೆನಪಿನಲ್ಲಿಡಬೇಕು. ಐವತ್ತು ವರ್ಷಗಳ ಅನಂತರ ಎದ್ದ ಸಮಸ್ಯೆಯ ಬೇರು ಅಲ್ಲಿಯೇ ಇದೆ.

ಇಷ್ಟು ಚಿಕ್ಕ ಸ್ಮೃತಿಯು ಇಷ್ಟು ದೊಡ್ಡ ಸ್ಮೃತಿಯ ಕೆಲಸವನ್ನು ಹೇಗೆ ನಿಭಾಯಿಸುತ್ತದೆ? ಕಾರಣವು ಯಂತ್ರಕ್ಕಿಂತ ಹೆಚ್ಚಾಗಿ ಕಾರ್ಯಕ್ರಮಗಳ ಸ್ವಭಾವದಲ್ಲಿದೆ. ಒಮ್ಮೆ ಮುಟ್ಟಿದ ದತ್ತಾಂಶವನ್ನು ಕಾರ್ಯಕ್ರಮವು ಸ್ವಲ್ಪದರಲ್ಲೇ ಮತ್ತೆ ಮುಟ್ಟುತ್ತದೆ. ಮುಟ್ಟಿದುದರ ಪಕ್ಕದಲ್ಲಿರುವುದನ್ನೂ ಮುಟ್ಟುತ್ತದೆ. ಮೊದಲನೆಯದನ್ನು ಕಾಲದ ಸಾಮೀಪ್ಯವೆಂದೂ ಎರಡನೆಯದನ್ನು ಸ್ಥಳದ ಸಾಮೀಪ್ಯವೆಂದೂ ಕರೆಯಬಹುದು. ಪೀಟರ್ ಡೆನಿಂಗ್ ಅವರು 1968ರಲ್ಲೇ ಪ್ರಕಟಿಸಿದ 'ವರ್ಕಿಂಗ್ ಸೆಟ್' ಸಿದ್ಧಾಂತವು ಈ ಸ್ವಭಾವಕ್ಕೆ ಶಾಸ್ತ್ರೀಯ ರೂಪ ಕೊಟ್ಟಿತು. ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಸಾವಿರ ಸಾಲು, ಸಾವಿರ ಕಂಬಸಾಲುಗಳ ಒಂದು ಕೋಷ್ಟಕವಿದೆ. ಪ್ರತಿ ಸಂಖ್ಯೆಗೆ 8 ಬೈಟ್. ಸಿ ಭಾಷೆಯಲ್ಲಿ ಇದು ಸಾಲುಸಾಲಾಗಿ ಸ್ಮೃತಿಯಲ್ಲಿ ಕೂರುತ್ತದೆ. ಇಂದಿನ ಬಹುತೇಕ ಪ್ರೊಸೆಸರ್‌ಗಳಲ್ಲಿ ಕ್ಯಾಶ್‌ಗೆ ಒಮ್ಮೆಗೆ ಬರುವ ತುಂಡು, ಮಾಡೆಲ್ 85ರಲ್ಲಿದ್ದಂತೆಯೇ, 64 ಬೈಟ್. ಸಾಲಿನ ಗುಂಟ ಕೂಡುತ್ತಾ ಹೋದರೆ ಒಂದು ಸಲ ಕಾದು ತಂದದ್ದರಲ್ಲಿ ಎಂಟು ಸಂಖ್ಯೆಗಳು ದೊರೆಯುತ್ತವೆ. ಕಂಬಸಾಲಿನ ಗುಂಟ ಇಳಿದರೆ ಪ್ರತಿ ಹೆಜ್ಜೆಗೂ ಹೊಸ ತುಂಡು ಬೇಕು. ಸಾವಿರ ತುಂಡುಗಳೆಂದರೆ 64,000 ಬೈಟ್. 32 ಕಿಲೋಬೈಟ್‌ನ ಎಲ್-1 ಕ್ಯಾಶ್‌ನಲ್ಲಿ ಅವು ಹಿಡಿಯುವುದಿಲ್ಲವಾದ್ದರಿಂದ, ಎರಡನೆಯ ಕಂಬಸಾಲಿಗೆ ಬರುವಷ್ಟರಲ್ಲಿ ಮೊದಲು ತಂದವು ಹೊರಬಿದ್ದಿರುತ್ತವೆ. ಉತ್ತರ ಎರಡರಲ್ಲೂ ಅದೇ; ಸಮಯದಲ್ಲಿ ಮಾತ್ರ ಹಲವು ಪಟ್ಟು ಅಂತರ. ಫೋರ್ಟ್ರಾನ್ ಭಾಷೆ ಕೋಷ್ಟಕವನ್ನು ಕಂಬಸಾಲಾಗಿ ಇಡುವುದರಿಂದ ಅಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ. ಕಾಣದಂತೆ ಇಟ್ಟ ವಸ್ತುವನ್ನು ಕಾರ್ಯಕ್ರಮ ರಚಿಸುವವನು ಮೊತ್ತಮೊದಲು ಗುರುತಿಸುವುದು ಇಂಥ ಕಡೆಗಳಲ್ಲಿಯೇ.

ಪಾಠ ಹೇಳುವವರು ಕ್ಯಾಶ್ ಅನ್ನು ವಿವರಿಸಲು ಸಾಮಾನ್ಯವಾಗಿ ಗ್ರಂಥಾಲಯದ ಉಪಮೆಯನ್ನು ಬಳಸುತ್ತಾರೆ. ಕಪಾಟಿನಿಂದ ತಂದ ನಾಲ್ಕಾರು ಪುಸ್ತಕಗಳನ್ನು ಮೇಜಿನ ಮೇಲಿಟ್ಟುಕೊಂಡರೆ ಮತ್ತೆಮತ್ತೆ ಎದ್ದು ಹೋಗಬೇಕಿಲ್ಲ. ಮೇಜು ಕ್ಯಾಶ್, ಕಪಾಟು ಮುಖ್ಯ ಸ್ಮೃತಿ. ಅಡುಗೆಮನೆಯ ಡಬ್ಬಿ, ಉಗ್ರಾಣದ ಮೂಟೆ ಎಂದು ಹೇಳುವುದೂ ಇದೇ ಬಗೆಯದು. ಉಪಮೆ ಅರ್ಧದಾರಿಯವರೆಗೆ ಚೆನ್ನಾಗಿ ನಡೆಸುತ್ತದೆ. ಅನಂತರ ದಾರಿ ತಪ್ಪಿಸುತ್ತದೆ. ಮೇಜಿಗೆ ಬಂದ ಪುಸ್ತಕ ಕಪಾಟಿನಲ್ಲಿರುವುದಿಲ್ಲ, ಡಬ್ಬಿಗೆ ಸುರಿದ ಅಕ್ಕಿ ಮೂಟೆಯಲ್ಲಿರುವುದಿಲ್ಲ. ಕ್ಯಾಶ್‌ಗೆ ಬರುವುದು ಪ್ರತಿ. ಮೂಲವು ಮುಖ್ಯ ಸ್ಮೃತಿಯಲ್ಲಿ ಹಾಗೆಯೇ ಇರುತ್ತದೆ. ಆದ್ದರಿಂದ ಕನ್ನಡದ ವಿದ್ಯಾರ್ಥಿಗೆ ಉಗ್ರಾಣಕ್ಕಿಂತ ಹಸ್ತಪ್ರತಿಯ ಹೋಲಿಕೆ ಹೆಚ್ಚು ಸಮರ್ಪಕವೆನಿಸುತ್ತದೆ. ಒಂದು ಓಲೆಗರಿಯ ಕಟ್ಟನ್ನು ನೋಡಿ ಮತ್ತೊಂದನ್ನು ಬರೆದುಕೊಂಡ ಮೇಲೆ, ಒಂದರಲ್ಲಿ ಮಾಡಿದ ತಿದ್ದುಪಡಿ ಇನ್ನೊಂದಕ್ಕೆ ತಿಳಿಯುವುದು ಹೇಗೆ? ಪಾಠಾಂತರದ ಈ ಪ್ರಶ್ನೆಯೇ ಕ್ಯಾಶ್‌ನ ಮುಂದೆಯೂ ಇದೆ.

ಮಾಡೆಲ್ 85 ಇದಕ್ಕೆ ಸರಳ ಪರಿಹಾರವನ್ನು ಆರಿಸಿಕೊಂಡಿತು: ಬರೆಯಬೇಕಾದುದನ್ನೆಲ್ಲ ಆಗಿಂದಾಗ್ಗೆ ಮುಖ್ಯ ಸ್ಮೃತಿಗೂ ಬರೆಯುವುದು. ಇದು ಸುರಕ್ಷಿತ, ಆದರೆ ನಿಧಾನ. ಪ್ರತಿಯನ್ನಷ್ಟೇ ತಿದ್ದಿ, ಅದು ಕ್ಯಾಶ್‌ನಿಂದ ಹೊರಬೀಳುವಾಗ ಮಾತ್ರ ಮೂಲವನ್ನು ತಿದ್ದುವುದು ಇನ್ನೊಂದು ಕ್ರಮ. ಅಲ್ಲಿಯವರೆಗೆ ಮೂಲವೇ ಹಳತಾಗಿರುತ್ತದೆ. ಒಂದೇ ಸ್ಮೃತಿಯನ್ನು ಹಲವು ಪ್ರೊಸೆಸರ್‌ಗಳು ತಮ್ಮ ತಮ್ಮ ಕ್ಯಾಶ್‌ಗಳೊಡನೆ ಬಳಸತೊಡಗಿದಾಗ ಪಾಠಾಂತರದ ಅಪಾಯ ಬಹುಪಾಲಾಯಿತು. 1983ರಲ್ಲಿ ಜೇಮ್ಸ್ ಗುಡ್‌ಮನ್, 1984ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಮಾರ್ಕ್ ಪಾಪಮಾರ್ಕೋಸ್ ಮತ್ತು ಜನಕ್ ಪಟೇಲ್ ಪ್ರಕಟಿಸಿದ ಕ್ರಮಗಳು ಈ ತೊಡಕನ್ನು ಬಿಡಿಸಿದವು. ಪಾಪಮಾರ್ಕೋಸ್–ಪಟೇಲ್ ಕ್ರಮದಲ್ಲಿ ಪ್ರತಿ ತುಂಡಿಗೂ ನಾಲ್ಕರಲ್ಲಿ ಒಂದು ಸ್ಥಿತಿ ಇರುತ್ತದೆ: ತಿದ್ದಲಾಗಿದೆ, ತನ್ನೊಬ್ಬನಲ್ಲೇ ಇದೆ, ಹಲವರಲ್ಲಿದೆ, ಕೆಲಸಕ್ಕೆ ಬಾರದು. ಒಬ್ಬನು ತಿದ್ದುವ ಮುನ್ನ ಉಳಿದವರ ಪ್ರತಿಗಳು ನಾಲ್ಕನೆಯ ಸ್ಥಿತಿಗೆ ಇಳಿಯಬೇಕು. ಜಾನಪದದಲ್ಲಿ ಪಾಠಾಂತರಗಳು ಸಂಪತ್ತು; ಒಂದು ಕಾವ್ಯದ ಹತ್ತು ಪಾಠಗಳಿದ್ದರೆ ಹತ್ತನ್ನೂ ಜೋಪಾನ ಮಾಡಬೇಕು. ಪ್ರೊಸೆಸರ್‌ನಲ್ಲಿ ಎರಡು ಪಾಠಗಳು ಏಕಕಾಲಕ್ಕೆ ಉಳಿದರೂ ಲೆಕ್ಕವೇ ಕೆಟ್ಟಂತೆ.

ಇನ್ನು ಹಂತಗಳ ಪ್ರಶ್ನೆ. ಒಂದೇ ದೊಡ್ಡ, ವೇಗದ ಕ್ಯಾಶ್ ಕಟ್ಟಬಾರದೇಕೆ ಎಂದು ವಿದ್ಯಾರ್ಥಿಗಳು ಕೇಳುವುದು ಸಹಜ. ಉತ್ತರದ ಮೊದಲ ಭಾಗ ವೆಚ್ಚಕ್ಕೆ ಸಂಬಂಧಿಸಿದ್ದು. ಮುಖ್ಯ ಸ್ಮೃತಿಯಲ್ಲಿ ಒಂದು ಬಿಟ್‌ಗೆ ಒಂದು ಟ್ರಾನ್ಸಿಸ್ಟರ್ ಮತ್ತು ಒಂದು ಕೆಪಾಸಿಟರ್ ಸಾಕು. ಕ್ಯಾಶ್ ಕಟ್ಟಲು ಬಳಸುವ ಸ್ಟ್ಯಾಟಿಕ್ ರ್‍ಯಾಮ್‌ನಲ್ಲಿ ಸಾಮಾನ್ಯವಾಗಿ ಆರು ಟ್ರಾನ್ಸಿಸ್ಟರ್‌ಗಳು ಬೇಕು. ಎರಡನೆಯ ಭಾಗ ದೂರಕ್ಕೆ ಸಂಬಂಧಿಸಿದ್ದು. ಅಮೆರಿಕದ ನೌಕಾಪಡೆಯಲ್ಲಿದ್ದ ಗಣಕ ವಿಜ್ಞಾನಿ ಗ್ರೇಸ್ ಹಾಪರ್ ತಮ್ಮ ಉಪನ್ಯಾಸಗಳಲ್ಲಿ ಸಭಿಕರಿಗೆ ಸುಮಾರು 30 ಸೆಂಟಿಮೀಟರ್ ಉದ್ದದ ತಂತಿಯ ತುಂಡುಗಳನ್ನು ಹಂಚುತ್ತಿದ್ದರು. ಒಂದು ನ್ಯಾನೋಸೆಕೆಂಡಿನಲ್ಲಿ ಬೆಳಕು ಕ್ರಮಿಸಬಹುದಾದ ದೂರ ಅಷ್ಟೇ. 3 ಗಿಗಾಹರ್ಟ್ಸ್ ಪ್ರೊಸೆಸರ್‌ನ ಒಂದು ಆವರ್ತದಲ್ಲಿ ಬೆಳಕೂ 10 ಸೆಂಟಿಮೀಟರ್ ಮೀರಿ ಹೋಗಲಾರದು. ಚಿಪ್ಪಿನೊಳಗಿನ ಸಂಕೇತವಂತೂ ಅದಕ್ಕಿಂತ ಬಹಳ ನಿಧಾನ. ಕ್ಯಾಶ್ ದೊಡ್ಡದಾದಷ್ಟೂ ಅದರ ಮೂಲೆಗಳು ದೂರವಾಗುತ್ತವೆ, ಹುಡುಕುವ ಕೆಲಸವೂ ಹೆಚ್ಚುತ್ತದೆ. ದೊಡ್ಡದಾಗಿಯೂ ಹತ್ತಿರವಾಗಿಯೂ ಇರುವುದು ಭೌತಿಕವಾಗಿಯೇ ಸಾಧ್ಯವಿಲ್ಲದ್ದರಿಂದ ಮೆಟ್ಟಿಲುಗಳು ಬೇಕಾದವು. 2008ರ ಪೀಳಿಗೆಯ ಪ್ರೊಸೆಸರ್‌ಗಳಲ್ಲಿ ಎಲ್-1 ತಲುಪಲು ಸುಮಾರು 4 ಆವರ್ತ, ಎಲ್-2ಕ್ಕೆ ಸುಮಾರು 10, ಎಲ್-3ಕ್ಕೆ ಸುಮಾರು 40, ಮುಖ್ಯ ಸ್ಮೃತಿಗೆ ನೂರಾರು ಆವರ್ತಗಳು ತಗಲುತ್ತಿದ್ದವು. ಮಾಡೆಲ್ 85ರ ಹನ್ನೆರಡು ಆವರ್ತಗಳ ಕಾಯುವಿಕೆ ಇಲ್ಲಿ ನೂರಾರಕ್ಕೆ ಬೆಳೆದಿರುವುದನ್ನು ಗಮನಿಸಬೇಕು. ಪ್ರೊಸೆಸರ್‌ಗಳ ವೇಗ ಹೆಚ್ಚಿದಂತೆ ಸ್ಮೃತಿಯ ವೇಗ ಹೆಚ್ಚಲಿಲ್ಲ. 1995ರಲ್ಲಿ ವಿಲಿಯಂ ವುಲ್ಫ್ ಮತ್ತು ಸ್ಯಾಲಿ ಮೆಕ್‌ಕೀ ಈ ಅಂತರವನ್ನು 'ಸ್ಮೃತಿಯ ಗೋಡೆ' ಎಂದು ಕರೆದರು.

ಮೈಕ್ರೋಪ್ರೊಸೆಸರ್‌ಗಳ ಚರಿತ್ರೆಯಲ್ಲಿ ಈ ಮೆಟ್ಟಿಲುಗಳು ಒಂದೊಂದಾಗಿ ಎದ್ದವು. ಇಂಟೆಲ್‌ನ 386 ಪ್ರೊಸೆಸರ್ 1985ರಲ್ಲಿ ಬಂದಾಗ ಅದರೊಳಗೆ ಕ್ಯಾಶ್ ಇರಲಿಲ್ಲ. ಬೇಕಾದವರು ಮದರ್‌ಬೋರ್ಡ್ ಮೇಲೆ ಪ್ರತ್ಯೇಕ ಚಿಪ್ಪುಗಳನ್ನು ಕೂರಿಸಬೇಕಾಗಿತ್ತು. 1989ರ 486ರಲ್ಲಿ 8 ಕಿಲೋಬೈಟ್ ಕ್ಯಾಶ್ ಪ್ರೊಸೆಸರ್‌ನೊಳಗೇ ಬಂತು. ಹೊರಗಿನ ಚಿಪ್ಪುಗಳೂ ಉಳಿದುಕೊಂಡದ್ದರಿಂದ ಒಳಗಿನದು ಮೊದಲ ಹಂತ, ಹೊರಗಿನದು ಎರಡನೆಯ ಹಂತ ಎಂಬ ಎಣಿಕೆ ಜನಜನಿತವಾಯಿತು. ಇದೇ ಹೊತ್ತಿಗೆ ಕ್ಯಾಶ್ ಎಂಬುದು ಕೊಳ್ಳುವವನ ಮಾತಿಗೂ ಇಳಿಯಿತು. '256 ಕೆ ಕ್ಯಾಶ್' ಎಂದು ಜಾಹೀರಾತುಗಳು ಹೇಳತೊಡಗಿದ ಮೇಲೆ, 1990ರ ದಶಕದ ನಡುವೆ ಅಗ್ಗದ ಕೆಲವು ಮದರ್‌ಬೋರ್ಡ್‌ಗಳಲ್ಲಿ ಒಂದು ವಿಲಕ್ಷಣ ಮೋಸ ಕಾಣಿಸಿಕೊಂಡಿತು. ಕ್ಯಾಶ್ ಚಿಪ್ಪುಗಳ ಜಾಗದಲ್ಲಿ ಕೂತಿದ್ದವು ಒಳಗೆ ಏನೂ ಇಲ್ಲದ ಪ್ಲಾಸ್ಟಿಕ್ ತುಂಡುಗಳು. ಗಣಕ ಚಾಲೂ ಆಗುವಾಗ ಪರದೆಯ ಮೇಲೆ ಕ್ಯಾಶ್ ಇದೆಯೆಂದು ಸುಳ್ಳು ತೋರಿಸುವಂತೆ ಅದರ ಆರಂಭಿಕ ತಂತ್ರಾಂಶವನ್ನೂ ತಿರುಚಲಾಗಿತ್ತು. ಇದ್ದರೂ ಕಾಣದ ವಸ್ತು ಇಲ್ಲದೆಯೂ ಇರಬಹುದು, ಯಂತ್ರ ನಡೆಯುತ್ತಲೇ ಇರುತ್ತದೆ. ವೇಗವನ್ನು ಅಳೆಯುವ ತಂತ್ರಾಂಶವಿದ್ದವರು ಮಾತ್ರ ಈ ಮೋಸವನ್ನು ಹಿಡಿದರು. ಮರೆಯಲ್ಲಿರುವುದನ್ನು ಗಡಿಯಾರದಿಂದ ಪತ್ತೆಮಾಡಬಹುದೆಂಬ ಅರಿವು ಹೀಗೆ ಬಜಾರಿನಲ್ಲಿಯೂ ಮೂಡಿತ್ತು.

1995ರ ಪೆಂಟಿಯಂ ಪ್ರೊದಲ್ಲಿ ಎಲ್-2 ಕ್ಯಾಶ್ ಮದರ್‌ಬೋರ್ಡ್ ಬಿಟ್ಟು ಪ್ರೊಸೆಸರ್‌ನ ಕವಚದೊಳಕ್ಕೆ ಬಂತು. ಎರಡು ಚಿಪ್ಪುಗಳನ್ನು ಒಂದೇ ಕವಚದಲ್ಲಿ ಜೋಡಿಸುವ ಈ ಕ್ರಮ ದುಬಾರಿಯಾಗಿತ್ತು. 1997ರ ಪೆಂಟಿಯಂ 2ರಲ್ಲಿ 512 ಕಿಲೋಬೈಟ್‌ನ ಎಲ್-2 ಅನ್ನು ಪ್ರೊಸೆಸರ್‌ನ ಅರ್ಧ ವೇಗದಲ್ಲಿ, ಕಪ್ಪು ಪೆಟ್ಟಿಗೆಯಂಥ ಕಾರ್ಟ್ರಿಜ್‌ನಲ್ಲಿ ಕೂರಿಸಲಾಯಿತು. ಬೆಲೆ ಇಳಿಸಲೆಂದು 1998ರ ಏಪ್ರಿಲ್‌ನಲ್ಲಿ ಎಲ್-2 ಅನ್ನು ಪೂರ್ತಿ ತೆಗೆದುಹಾಕಿದ ಸೆಲೆರಾನ್ ಬಂತು. ಅದರ ನಿಧಾನಗತಿಯನ್ನು ವಿಮರ್ಶಕರು ಬಿಡದೆ ಟೀಕಿಸಿದರು. ಅದೇ ಆಗಸ್ಟಿನಲ್ಲಿ ಕೇವಲ 128 ಕಿಲೋಬೈಟ್ ಎಲ್-2 ಅನ್ನು ಅದೇ ಚಿಪ್ಪಿನಲ್ಲಿ, ಪೂರ್ಣ ವೇಗದಲ್ಲಿ ಸೇರಿಸಿದ ಸೆಲೆರಾನ್ 300ಎ ಬಂದಾಗ ಅದು ತನ್ನ ದುಬಾರಿ ಅಣ್ಣನಿಗೆ ಹತ್ತಿರಹತ್ತಿರ ನಿಂತಿತು. ಗಾತ್ರಕ್ಕಿಂತ ಸಾಮೀಪ್ಯ ದೊಡ್ಡದೆಂಬುದಕ್ಕೆ ನಾಲ್ಕು ತಿಂಗಳ ಈ ಅವಧಿಗಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ.

ಚಿಪ್ಪಿನೊಳಗೇ ಎಲ್-2 ಹೊಂದಿ, ಹೊರಗೆ ಮೂರನೆಯ ಹಂತಕ್ಕೂ ಎಡೆಯಿಟ್ಟಿದ್ದ ಪ್ರೊಸೆಸರ್ ಅದಾಗಲೇ ಇತ್ತು. ಡಿಜಿಟಲ್ ಕಂಪನಿಯ ಆಲ್ಫಾ 21164 ಎಂಬ ಅದನ್ನು 1994ರಲ್ಲಿ ಘೋಷಿಸಲಾಗಿತ್ತು. ಅದರ ಎಲ್-2 ಗಾತ್ರ 96 ಕಿಲೋಬೈಟ್. ಆದರೆ ಸಾಮಾನ್ಯ ಬಳಕೆದಾರರ ಮಟ್ಟದಲ್ಲಿ ಎಲ್-3 ಎಂಬ ಹೆಸರು ಕೇಳಿಬಂದದ್ದು 1999ರಲ್ಲಿ, ಎಎಂಡಿ ಕಂಪನಿಯ ಕೆ6-3 ಪ್ರೊಸೆಸರ್‌ನಿಂದ. ಅದರೊಳಗೆ 256 ಕಿಲೋಬೈಟ್ ಎಲ್-2 ಇತ್ತು. ಹಳೆಯ ಮದರ್‌ಬೋರ್ಡ್‌ಗೆ ಅದನ್ನು ಸಿಕ್ಕಿಸಿದೊಡನೆ, ನಿನ್ನೆಯವರೆಗೆ ಎಲ್-2 ಎನಿಸಿಕೊಂಡಿದ್ದ ಅದೇ ಚಿಪ್ಪುಗಳು, ಕದಲದೆಯೇ, ಎಲ್-3 ಆಗಿಬಿಟ್ಟವು. ಬಂಧುವಾಚಕಗಳಲ್ಲಿ ಒಬ್ಬನೇ ವ್ಯಕ್ತಿ ಒಬ್ಬರಿಗೆ ಅಣ್ಣ, ಇನ್ನೊಬ್ಬರಿಗೆ ಚಿಕ್ಕಪ್ಪ ಆಗುವಂತೆ, ಇಲ್ಲಿಯೂ ಹೆಸರು ವಸ್ತುವಿನದಲ್ಲ, ಸಂಬಂಧದ್ದು. ಎಲ್-1, ಎಲ್-2 ಎಂಬುವನ್ನು ಭಾಗಗಳ ಹೆಸರೆಂದು ಬಾಯಿಪಾಠ ಮಾಡಿದ ವಿದ್ಯಾರ್ಥಿ ಎಡವುವುದು ಇಲ್ಲಿಯೇ; ಅವು ಪ್ರೊಸೆಸರ್‌ನಿಂದ ಎಣಿಸಿದ ದೂರಗಳು.

ಕರ್ನಾಟಕಕ್ಕೆ ಈ ಚರಿತ್ರೆಯೊಡನೆ ನೇರವಾದ ನಂಟು ಒದಗಿದ್ದು 2008ರ ಸೆಪ್ಟೆಂಬರಿನಲ್ಲಿ. ಡನಿಂಗ್ಟನ್ ಎಂಬ ಸಂಕೇತನಾಮದ, ಆರು ಕೋರ್‌ಗಳ ಕ್ಸಿಯಾನ್ 7400 ಸರಣಿಯ ಪ್ರೊಸೆಸರ್ ಇಂಟೆಲ್‌ನ ಬೆಂಗಳೂರು ಕೇಂದ್ರದಲ್ಲಿ ವಿನ್ಯಾಸಗೊಂಡು ಬಿಡುಗಡೆಯಾಯಿತು. ಅದರಲ್ಲಿ ಎರಡೆರಡು ಕೋರ್‌ಗಳಿಗೆ 3 ಮೆಗಾಬೈಟ್‌ನಂತೆ ಒಟ್ಟು 9 ಮೆಗಾಬೈಟ್ ಎಲ್-2, ಎಲ್ಲ ಆರು ಕೋರ್‌ಗಳಿಗೂ ಸೇರಿ 16 ಮೆಗಾಬೈಟ್ ಎಲ್-3 ಇತ್ತು. ಬಿಟ್‌ಗೆ ಆರು ಟ್ರಾನ್ಸಿಸ್ಟರ್‌ಗಳ ಲೆಕ್ಕದಲ್ಲಿ ಈ 25 ಮೆಗಾಬೈಟ್‌ಗೆ ಸುಮಾರು 126 ಕೋಟಿ ಟ್ರಾನ್ಸಿಸ್ಟರ್‌ಗಳು ಬೇಕು. ಇಡೀ ಚಿಪ್ಪಿನಲ್ಲಿದ್ದದ್ದು ಸುಮಾರು 190 ಕೋಟಿ. ಅಂದರೆ ಮೂರರಲ್ಲಿ ಎರಡು ಪಾಲು ಕ್ಯಾಶ್‌ಗೇ ಸಂದಿತ್ತು. ಲೆಕ್ಕ ಮಾಡುವ ಯಂತ್ರವೆಂದು ಕರೆಯಲಾಗುವ ವಸ್ತುವಿನ ಬಹುಭಾಗ, ಕಾಯುವುದನ್ನು ತಪ್ಪಿಸಲು ಮೀಸಲಾಗಿತ್ತು. ಅದೇ ವರ್ಷದ ನವೆಂಬರಿನಲ್ಲಿ ಬಂದ ಮೊದಲ ಕೋರ್ ಐ7 ಪ್ರೊಸೆಸರ್‌ಗಳಲ್ಲಿ ಪ್ರತಿ ಕೋರ್‌ಗೆ 32 ಕಿಲೋಬೈಟ್‌ನ ಎರಡು ಎಲ್-1 (ಆದೇಶಗಳಿಗೊಂದು, ದತ್ತಾಂಶಕ್ಕೊಂದು), 256 ಕಿಲೋಬೈಟ್‌ನ ಎಲ್-2, ಎಲ್ಲಕ್ಕೂ ಸೇರಿ 8 ಮೆಗಾಬೈಟ್‌ನ ಎಲ್-3 ಎಂಬ ವಿನ್ಯಾಸ ನೆಲೆಗೊಂಡಿತು. ಪಠ್ಯಪುಸ್ತಕದ ತ್ರಿಕೋನ ಬಹುಮಟ್ಟಿಗೆ ಇದರ ಚಿತ್ರ. ಮೊದಲೆರಡು ಹಂತ ಪ್ರತಿ ಕೋರ್‌ನ ಸ್ವಂತದ್ದು, ಮೂರನೆಯದು ಹಂಚಿಕೊಂಡದ್ದು ಎಂಬ ಭೇದವನ್ನು ಆ ಚಿತ್ರ ಸಾಮಾನ್ಯವಾಗಿ ತೋರಿಸುವುದಿಲ್ಲ. 2022ರಲ್ಲಿ ಎಎಂಡಿ ಒಂದು ಪ್ರೊಸೆಸರ್‌ನ ಮೇಲೆಯೇ 64 ಮೆಗಾಬೈಟ್‌ನ ಇನ್ನೊಂದು ಚಿಪ್ಪನ್ನು ಹೊದಿಸಿ ಎಲ್-3 ಅನ್ನು 96 ಮೆಗಾಬೈಟ್‌ಗೆ ಏರಿಸಿತು. ನೆಲದ ಮೇಲೆ ಜಾಗ ಸಾಲದಾದಾಗ ಮಾಳಿಗೆ ಎತ್ತಿದಂತೆ.

ಹಂಚಿಕೆಯ ಮಾತು ಬಂದಲ್ಲಿ ಗುಟ್ಟಿನ ಮಾತೂ ಬರುತ್ತದೆ. ಕ್ಯಾಶ್ ಕಾರ್ಯಕ್ರಮದ ಉತ್ತರವನ್ನು ಬದಲಿಸುವುದಿಲ್ಲ, ಸಮಯವನ್ನು ಮಾತ್ರ ಬದಲಿಸುತ್ತದೆ ಎಂಬ 1968ರ ನಂಬಿಕೆ ನಿಜವೇ. ಆದರೆ ಸಮಯವೂ ಒಂದು ಉತ್ತರವಾಗಬಹುದೆಂಬುದು ತಡವಾಗಿ ತಿಳಿಯಿತು. ಒಂದು ತುಂಡು ಬೇಗ ದೊರೆತರೆ ಅದನ್ನು ಇತ್ತೀಚೆಗೆ ಯಾರೋ ಮುಟ್ಟಿದ್ದಾರೆ, ತಡವಾದರೆ ಮುಟ್ಟಿಲ್ಲ. ನೆರೆಮನೆಯ ಒಲೆ ಮುಟ್ಟಿ ನೋಡಿ ಅಡುಗೆ ಯಾವಾಗ ಆಯಿತೆಂದು ಊಹಿಸಿದಂತೆ. 2005ರಲ್ಲಿ ಡೇನಿಯಲ್ ಬರ್ನ್‌ಸ್ಟೈನ್, ಕಾಲಿನ್ ಪರ್ಸಿವಲ್ ಮುಂತಾದವರು ಬೇರೆಬೇರೆಯಾಗಿ, ಕ್ಯಾಶ್‌ನ ಈ ವ್ಯತ್ಯಾಸವನ್ನು ಅಳೆದು ಗೂಢಲಿಪಿಯ ಕೀಲಿಗಳನ್ನು ಕದಿಯಬಹುದೆಂದು ತೋರಿಸಿದರು. 2018ರ ಜನವರಿ 3ರಂದು ಬಹಿರಂಗವಾದ ಮೆಲ್ಟ್‌ಡೌನ್ ಮತ್ತು ಸ್ಪೆಕ್ಟರ್ ಎಂಬ ದೋಷಗಳು ಇದಕ್ಕಿಂತ ಆಳವಾದವು. ಇವುಗಳನ್ನು ಗೂಗಲ್‌ನ ಯಾನ್ ಹಾರ್ನ್, ಪಾಲ್ ಕೋಷರ್, ಆಸ್ಟ್ರಿಯದ ಗ್ರಾಜ್ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು ಮತ್ತಿತರರು ಪತ್ತೆಹಚ್ಚಿದ್ದರು. ಆಧುನಿಕ ಪ್ರೊಸೆಸರ್ ಮುಂದೇನು ಬರಬಹುದೆಂದು ಊಹಿಸಿ ಕೆಲಸವನ್ನು ಮುಂಗಡವಾಗಿ ಮಾಡುತ್ತದೆ. ಊಹೆ ತಪ್ಪಿದರೆ ಮಾಡಿದ್ದನ್ನೆಲ್ಲ ಅಳಿಸಿಹಾಕುತ್ತದೆ. ರಿಜಿಸ್ಟರ್‌ಗಳಿಂದ ಅಳಿಸುತ್ತದೆ, ಕ್ಯಾಶ್‌ನಿಂದ ಅಳಿಸುವುದಿಲ್ಲ. ನೋಡಬಾರದ್ದನ್ನು ಊಹೆಯ ಗಳಿಗೆಯಲ್ಲಿ ನೋಡುವಂತೆ ಪ್ರೊಸೆಸರನ್ನು ಪುಸಲಾಯಿಸಿ, ಅನಂತರ ಯಾವ ತುಂಡು ಬೇಗ ದೊರೆಯುತ್ತದೆಂದು ಅಳೆದರೆ, ಇನ್ನೊಬ್ಬರ ಗುಪ್ತಪದವನ್ನೂ ಬಿಟ್ಟುಬಿಟ್ಟು ಓದಬಹುದು. ಹೆಸರಿನ ಅರ್ಥಕ್ಕೆ ತಕ್ಕಂತೆ ಅರ್ಧ ಶತಮಾನ ಮರೆಯಲ್ಲಿದ್ದ ಭಾಗವೇ ಗುಟ್ಟನ್ನು ಹೊರಗೆಡಹುವ ಕಿಂಡಿಯಾಯಿತು.

ಇದರಿಂದ ಬಾಧಿತವಾದವು ಎರಡು ದಶಕಗಳ ಪ್ರೊಸೆಸರ್‌ಗಳು. ಮಾರಾಟವಾಗಿಹೋದ ಚಿಪ್ಪುಗಳ ಕ್ಯಾಶ್ ಅನ್ನು ತೆರೆದು ತಿದ್ದುವಂತಿರಲಿಲ್ಲ. ಆದ್ದರಿಂದ ಮೊದಲ ಪರಿಹಾರಗಳು ಬೇರೆ ದಾರಿ ಹಿಡಿದವು. ಕಾರ್ಯಾಚರಣ ವ್ಯವಸ್ಥೆಗಳು ತಮ್ಮ ಸ್ಮೃತಿಯನ್ನು ಬಳಕೆದಾರನ ಕಾರ್ಯಕ್ರಮಗಳಿಂದ ಇನ್ನಷ್ಟು ಪ್ರತ್ಯೇಕಿಸಿದವು; ಅದರಿಂದ ಕೆಲವು ಕೆಲಸಗಳು ನಿಧಾನಗೊಂಡವು. ಜಾಲತಾಣಗಳ ಕಾರ್ಯಕ್ರಮಗಳನ್ನು ನಡೆಸುವ ಬ್ರೌಸರ್‌ಗಳ ತಯಾರಕರು ಗಡಿಯಾರದತ್ತಲೇ ಕೈಹಾಕಿದರು. ಫೈರ್‌ಫಾಕ್ಸ್ ಅದೇ ಜನವರಿಯ ಮೊದಲ ವಾರದಲ್ಲಿ, ಪುಟಗಳು ಕೇಳುವ ಸಮಯವನ್ನು 20 ಮೈಕ್ರೋಸೆಕೆಂಡ್‌ಗಿಂತ ಸೂಕ್ಷ್ಮವಾಗಿ ಹೇಳದಂತೆ ತನ್ನ ಗಡಿಯಾರವನ್ನು ಮೊಂಡಾಗಿಸಿತು.